ಮೋಟರಿಗೊಂದು ಮಿಸ್‌ಕಾಲ್

ಹೋದ ತಿಂಗಳು ನನ್ನ ಫೋನು ತಾನಾಗಿಯೇ ಒಂದು ಸಿನಿಮಾ ಮಾಡಿ ನನಗೆ ತೋರಿಸಿತು. ಬೆಳಗಿನ ಚಹಾ ಕುದಿಯುತ್ತಿತ್ತು. ಪರದೆಯ ಮೇಲೆ ‘ನಿಮ್ಮ ಈ ವರ್ಷದ ನೆನಪುಗಳು’ ಎಂದು ಬಂತು, ಒತ್ತಿದೆ. ಪಿಟೀಲಿನ ಸಂಗೀತ ಶುರುವಾಯಿತು. ಮೊದಲು ನಮ್ಮ ಮುಂಬಾಗಿಲಿನ ಬೀಗ ಬಂತು. ಆಮೇಲೆ ಗ್ಯಾಸ್ ಒಲೆಯ ಕಿವಿ. ಮತ್ತೆ ಬೀಗ, ಈ ಸಲ ಸ್ವಲ್ಪ ಹತ್ತಿರದಿಂದ. ಮಳೆಗಾಲದ ಬೀಗ, ಬೇಸಿಗೆಯ ಬೀಗ, ದೀಪಾವಳಿಯ ಚೆಂಡುಹೂವಿನ ಎಸಳು ಅಂಟಿಸಿಕೊಂಡ ಬೀಗ. ನಡುವೆ ಒಮ್ಮೆ ಇಸ್ತ್ರಿಪೆಟ್ಟಿಗೆಯ ವಾಯರು, ಗೋಡೆಯಿಂದ ಬಿಡಿಸಿ ನೆಲದ ಮೇಲೆ ಮಲಗಿಸಿದ್ದು. ಕೊನೆಯಲ್ಲಿ ಸಂಗೀತ ಏರಿ, ಬೀಗ ನಿಧಾನವಾಗಿ ದೊಡ್ಡದಾಗಿ, ಮುಗಿಯಿತು.

ನಮ್ಮ ಮನೆಯವರು ಹಿಂದೆ ನಿಂತು ನೋಡುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

“ಹೀರೋ ಚಲೋ ಅದಾನ,” ಎಂದರು. “ಡೈಲಾಗ್ ಕಡಿಮಿ.”

ಇದನ್ನು ವಿವರಿಸಬೇಕು. ನಾವಿರುವುದು ಪಾಳಾದಲ್ಲಿ, ನನ್ನ ಅಂಗಡಿ ಇರುವುದು ಮುಂಡಗೋಡದಲ್ಲಿ. ಬೆಳಿಗ್ಗೆ ಬೀಗ ಹಾಕಿ ಬಸ್ ಹತ್ತುತ್ತೇನೆ. ಬಸ್ಸು ಊರು ದಾಟುವುದರೊಳಗೆ, ಬೀಗ ಹಾಕಿದೆನೋ ಇಲ್ಲವೋ ಎಂಬ ಹುಳ ತಲೆಯಲ್ಲಿ ಹರಿದಾಡಲು ಶುರುವಾಗುತ್ತದೆ. ಮೊದಲೆಲ್ಲ ಇಳಿದು ವಾಪಸು ನಡೆದು ಹೋಗಿ ಬೀಗ ಜಗ್ಗಿ ಬರುತ್ತಿದ್ದೆ. ಕಂಡಕ್ಟರುಗಳು ನನ್ನನ್ನು ಗುರುತಿಟ್ಟುಕೊಂಡು, ಊರಿನ ಗಡಿಯಲ್ಲಿ “ಅಕ್ಕಾರ, ಇಳಿಯೋದೈತೇನ್ರಿ?” ಎಂದು ತಾವೇ ಕೇಳುವಷ್ಟಾಗಿತ್ತು. ಕ್ಯಾಮೆರಾ ಇರುವ ಫೋನು ಬಂದ ಮೇಲೆ ಸುಧಾರಿಸಿದೆ. ಬೀಗ ಹಾಕಿದ ಕೂಡಲೇ ಒಂದು ಫೋಟೋ ತೆಗೆಯುತ್ತೇನೆ, ಬಸ್ಸಿನಲ್ಲಿ ಕೂತು ನೋಡಿಕೊಳ್ಳುತ್ತೇನೆ. ಈ ಫೋಟೋ ಇವತ್ತಿನದೋ ನಿನ್ನೆಯದೋ ಎಂಬ ಹೊಸ ಹುಳ ಹುಟ್ಟಿದ್ದು ಆಮೇಲೆ.

ಹಾಗಾಗಿ ಫೋನಿನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಒಬ್ಬ ಹೆಂಗಸು ದಿನಾ ಒಂದೇ ಮುಖದ ಫೋಟೋ ತೆಗೆಯುತ್ತಾಳೆಂದರೆ ಅದು ಅವಳ ಕೂಸೇ ಇರಬೇಕು ಎಂದು ಅದು ತಿಳಿದುಕೊಂಡಿತ್ತು. ತಪ್ಪು ತಿಳಿದರೂ ಪ್ರೀತಿಯಿಂದ ತಿಳಿದಿತ್ತು.

ಯಂತ್ರಗಳ ಬಗ್ಗೆ ಹೀಗೆ ಗುಣದೋಷ ಹೇಳುವ ಅಧಿಕಾರ ನನಗೆ ಅಂಗಡಿಯಿಂದ ಬಂದದ್ದು. ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ. ಝೆರಾಕ್ಸ್ ಎನ್ನುವುದು ಬೋರ್ಡಿನ ಮೇಲಿನ ಮಾತು. ನಿಜವಾದ ಕೆಲಸ ಜನರ ಪರವಾಗಿ ಕಂಪ್ಯೂಟರಿನ ಸಂಗಡ ಮಾತಾಡುವುದು. ಆನ್‌ಲೈನಿನಲ್ಲಿ ಅರ್ಜಿ ಹಾಕಲು ಬರುವ ಅಜ್ಜಿಗೆ ಹುಟ್ಟಿದ ವರ್ಷ ಗೊತ್ತಿರುತ್ತದೆ, ಆದರೆ ಪರದೆಯ ಮೇಲಿನ ಕ್ಯಾಲೆಂಡರು ಈ ತಿಂಗಳಿನಿಂದ ಶುರುವಾಗಿ ಒಂದೊಂದೇ ತಿಂಗಳು ಹಿಂದಕ್ಕೆ ಹೋಗುತ್ತದೆ. ನಾನು ಬಾಣದ ಗುರುತು ಒತ್ತುತ್ತಾ ಒತ್ತುತ್ತಾ ಅಜ್ಜಿಯ ಮೊಮ್ಮಕ್ಕಳನ್ನು ದಾಟಿ, ಮಕ್ಕಳನ್ನು ದಾಟಿ, ಮದುವೆಯನ್ನು ದಾಟಿ ಅವರು ಹುಟ್ಟಿದ ಕಡೆ ಬಂದು ಮುಟ್ಟುವ ಹೊತ್ತಿಗೆ ‘ನಿಮ್ಮ ಸಮಯ ಮುಗಿದಿದೆ’ ಎಂದು ಬರುತ್ತದೆ. ಅಜ್ಜಿಗೆ ಇದನ್ನು ಓದಿ ಹೇಳುವುದು ಹೇಗೆ? ಅದೂ ಮುಗಿದರೆ, ನೀವು ಮನುಷ್ಯರೆಂದು ತೋರಿಸಲು ಸಿಗ್ನಲ್ ದೀಪ ಇರುವ ಚಿತ್ರಗಳನ್ನೆಲ್ಲ ಆರಿಸಿ ಎನ್ನುತ್ತದೆ. ಒಬ್ಬರು ಹಿರಿಯರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, “ಇದು ಹುಬ್ಬಳ್ಳಿ ಐತಿ, ನಮ್ಮೂರಲ್ಲ” ಎಂದು ಎದ್ದೇ ಹೋದರು.

ಆದರೆ ಇವೆಲ್ಲ ಸಣ್ಣ ದೂರು. ನನ್ನ ದೊಡ್ಡ ದೂರು ಒಂದೇ: ಬಟನ್ ಒತ್ತಿದ ಮೇಲೆ ಗರಗರ ತಿರುಗುವ ಆ ಚಕ್ರ. ಅರ್ಜಿ ಹೋಯಿತೋ, ಇನ್ನೂ ಹೋಗುತ್ತಿದೆಯೋ, ದಾರಿಯಲ್ಲಿ ಎಲ್ಲಾದರೂ ಇಳಿದುಬಿಟ್ಟಿತೋ, ಒಂದೂ ಹೇಳುವುದಿಲ್ಲ. ಯಂತ್ರಕ್ಕೆ ಎರಡು ಕೆಲಸ: ಹೇಳಿದ್ದನ್ನು ಮಾಡುವುದು, ಮಾಡಿದ್ದನ್ನು ಹೇಳುವುದು. ಮೊದಲನೆಯದು ಎಲ್ಲರಿಗೂ ಬೇಕು. ಎರಡನೆಯದು ನನ್ನಂಥವರಿಗೆ ಊಟದಷ್ಟೇ ಬೇಕು. ನಮ್ಮ ಬಸ್ಸನ್ನೇ ನೋಡಿ. ಕಂಡಕ್ಟರು ಒಂದು ಸೀಟಿ ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಕಣ್ಣು ಮುಚ್ಚಿ ಕೂತವರಿಗೂ ಗೊತ್ತಾಗುತ್ತದೆ. ನಿಲ್ಲುವುದಕ್ಕೂ ಹೊರಡುವುದಕ್ಕೂ ಒಂದೇ ಸೀಟಿ ಇಟ್ಟಿದ್ದರೆ ಮುಂಡಗೋಡದಿಂದ ಹೊರಟ ಬಸ್ಸು ಇನ್ನೂ ಮುಂಡಗೋಡದಲ್ಲೇ ಇರುತ್ತಿತ್ತು.

ಹೀಗೆ ಭಾಷಣ ಮಾಡುವ ನನ್ನ ಮನೆಯಲ್ಲೇ ಒಂದೇ ಸೀಟಿಯ ಯಂತ್ರ ಬಂದು ಕೂತಿತು.

ನಮ್ಮ ಹೊಲ ಊರಿನ ಅಂಚಿನಲ್ಲಿದೆ. ಅದರಲ್ಲೊಂದು ಬೋರು. ಬೋರಿನ ಮೋಟರಿಗೆ ಬೇಕಾದ ತ್ರೀ ಫೇಸ್ ಕರೆಂಟು ಒಂದು ವಾರ ಬೆಳಿಗ್ಗೆ ಬಂದರೆ ಇನ್ನೊಂದು ವಾರ ರಾತ್ರಿ ಬರುತ್ತದೆ. ಸುಗ್ಗಿಯ ಹೊತ್ತಿಗೆ ದಾಂಡೇಲಿ, ಹಳಿಯಾಳದ ಕಡೆಯ ಕಾಡಿನಿಂದ ಆನೆಗಳು ನಮ್ಮ ಕಡೆ ತಿರುಗಾಡಲು ಬರುತ್ತವೆ. ಕತ್ತಲಲ್ಲಿ ಮೋಟರ್ ಚಾಲೂ ಮಾಡಲು ಹೋದವರು ಬ್ಯಾಟರಿಯ ಬೆಳಕು ಬಿಟ್ಟು ನೋಡಿದರೆ ಎದುರಿಗೆ ಗೋಡೆ ಇದ್ದು, ಗೋಡೆಗೆ ಕಿವಿ ಇದ್ದ ಸಂಗತಿ ನಮ್ಮೂರಲ್ಲಿ ಒಬ್ಬಿಬ್ಬರದಲ್ಲ. ಹಾಗಾಗಿ ಈಗ ಎಲ್ಲರೂ ಸ್ಟಾರ್ಟರಿಗೆ ಮೊಬೈಲ್ ಡಬ್ಬಿ ಹಾಕಿಸುತ್ತಾರೆ. ಡಬ್ಬಿಯೊಳಗೆ ಒಂದು ಸಿಮ್ ಇರುತ್ತದೆ. ಮನೆಯಲ್ಲಿ ಕೂತು ಅದಕ್ಕೆ ಫೋನ್ ಮಾಡಿ ಮೋಟರು ಓಡಿಸಬಹುದು. ಅತ್ತಿವೇರಿಯಲ್ಲಿ ನನ್ನ ತವರಿನವರ ಹೊಲದ ಡಬ್ಬಿ ಮಾತಾಡುತ್ತದೆ. ಒಬ್ಬಳು ಹೆಣ್ಣುಮಗಳ ದನಿಯಲ್ಲಿ, ಮೋಟರ್ ಚಾಲೂ ಆಗಿದೆ, ಮೋಟರ್ ಬಂದ್ ಆಗಿದೆ ಎಂದು ಸ್ಪಷ್ಟವಾಗಿ ಹೇಳುತ್ತದೆ. ನಮಗೂ ಅಂಥದ್ದೇ ಇರಲಿ ಎಂದು ನಾನು ಹೇಳಿದೆ. ನಮ್ಮ ಮನೆಯವರು ಮಾತಾಡದ ಡಬ್ಬಿ ತಂದರು.

“ಮಾತಾಡೋರು ಮನ್ಯಾಗ ಅದಾರ,” ಎಂದರು. “ಹೊಲದಾಗರ ಸುಮ್ಮಿರ್ಲಿ.”

ಈ ಮೂಗ ಡಬ್ಬಿಗೆ ಮಿಸ್‌ಕಾಲ್ ಕೊಟ್ಟರೆ ಸಾಕು. ಒಂದು ಸಲ ರಿಂಗ್ ಆದ ಕೂಡಲೇ ಅದೇ ಕಟ್ ಮಾಡಿ, ಮೋಟರು ಬಂದ್ ಇದ್ದರೆ ಚಾಲೂ ಮಾಡುತ್ತದೆ, ಚಾಲೂ ಇದ್ದರೆ ಬಂದ್ ಮಾಡುತ್ತದೆ. ಕೂಡಿಸಲು ಬಂದವನು ಇದನ್ನು ಬಹಳ ಹೆಮ್ಮೆಯಿಂದ ಹೇಳಿದ. “ಕರೆಂಟ್ ಇಲ್ಲಂದ್ರೂ ಚಿಂತಿಲ್ರೀ, ಒಳಗ ಬ್ಯಾಟರಿ ಐತಿ. ಕಡೀಕ ನೀವೇನ್ ಹೇಳೀರಿ ಅದನ್ನ ನೆನಪಿಟ್ಟು, ಕರೆಂಟ್ ಬಂದ ಮ್ಯಾಲ ಹಂಗ ಮಾಡ್ತೈತಿ.” ಓಡುತ್ತಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ ಎಂದು ಕೇಳಿದೆ. ಡಬ್ಬಿಯ ಮುಚ್ಚಳ ತೆಗೆದು ಸಾಸಿವೆ ಕಾಳಿನಷ್ಟು ಹಸಿರು ದೀಪ ತೋರಿಸಿದ. ಆ ದೀಪ ಮುಚ್ಚಳದ ಒಳಗೆ, ಮುಚ್ಚಳ ಮೋಟರಿನ ಖೋಲಿಯ ಒಳಗೆ, ಖೋಲಿಗೆ ಬೀಗ, ಬೀಗದ ಕೈ ನಮ್ಮ ಮನೆಯವರ ಕಿಸೆಯಲ್ಲಿ. ಮೋಟರೋ, ಬೋರಿನ ತಳದಲ್ಲಿ ಸದ್ದಿಲ್ಲದೆ ಕೆಲಸ ಮಾಡುವ ಜಾತಿ.

ಈ ಡಬ್ಬಿ ಮಾಡಿದವರಿಗೆ ನಮ್ಮ ಜನ ಚೆನ್ನಾಗಿ ಗೊತ್ತಿತ್ತು ಅನಿಸುತ್ತದೆ. ಫೋನಿನ ಮಾತು ತುಟ್ಟಿಯಾಗಿದ್ದ ಕಾಲದಲ್ಲಿ ನಾವು ಮಿಸ್‌ಕಾಲಿನಲ್ಲೇ ಸಂಸಾರ ಮಾಡಿದವರು. ಊರು ಮುಟ್ಟಿದೆ ಎನ್ನಲು ಒಂದು ಮಿಸ್‌ಕಾಲ್, ರೊಟ್ಟಿ ಆಗಿದೆ ಬರ್ರಿ ಎನ್ನಲು ಒಂದು. ಈಗ ಎಷ್ಟು ಬೇಕಾದರೂ ಮಾತಾಡಬಹುದು, ಆದರೆ ಕೈ ಕೇಳಬೇಕಲ್ಲ. ಸುಮ್ಮನೆ ನೆನಪಾದರೂ ಒಂದು ಮಿಸ್‌ಕಾಲ್ ಕೊಟ್ಟು ಇಡುತ್ತೇವೆ. ಮನುಷ್ಯರಿಗೆ ಎಷ್ಟು ಕೊಟ್ಟರೂ ಯಾರಿಗೂ ಏನೂ ಆಗುವುದಿಲ್ಲ. ಮೋಟರಿಗೆ ಹಾಗಲ್ಲ.

ಡಬ್ಬಿ ಮೂರು ನಂಬರುಗಳ ಮಾತು ಕೇಳುವ ಹಾಗೆ ಮಾಡಿಸಿದ್ದೆವು: ಇವರದು, ನನ್ನದು, ಕೆಳಗಿನ ಹೊಲದ ಕಾಕಾನದು. ಕಾಕಾ ಇವರಿಗೆ ದೂರದ ಸಂಬಂಧದಲ್ಲಿ ಚಿಕ್ಕಪ್ಪ. ನಮ್ಮ ಬದನೆಗೆ ನೀರು ಹಾಯಿಸಿದ ಮೇಲೆ ಕಾಕಾನ ಹೊಲಕ್ಕೂ ಒಂದಿಷ್ಟು ಬಿಡುವುದು ಮೊದಲಿನಿಂದ ನಡೆದುಬಂದದ್ದು. ಹಾಗಾಗಿ ಅವರ ನಂಬರು ಇರದಿದ್ದರೆ ಚೆನ್ನಾಗಿರುತ್ತಿರಲಿಲ್ಲ. ಕಾಕಾನ ಫೋನು ಬಟನ್ನಿನದು. ಹೊಸ ಫೋನಿನ ಗಾಜು ಅವರ ಬೆರಳನ್ನು ಗುರುತಿಸುವುದಿಲ್ಲ. ರೇಶನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರವೂ ಗುರುತಿಸುವುದಿಲ್ಲ; ಬೆರಳನ್ನು ತಲೆಗೂದಲಿಗೆ ತಿಕ್ಕಿ ಎಣ್ಣೆ ಮಾಡಿಕೊಂಡು ಮತ್ತೆ ಮತ್ತೆ ಒತ್ತಬೇಕು. “ಇಡೀ ಆಯುಷ್ಯ ದುಡದ ಕೈ ಅಂದ್ರ ಮಷಿನ್ನಿಗೆ ನಂಬಿಕಿಲ್ಲ ನೋಡವಾ,” ಎನ್ನುತ್ತಾರೆ ಕಾಕಾ, ನಗುತ್ತಲೇ.

ಇನ್ನು ನಮ್ಮ ಮನೆಯವರ ಫೋನಿನ ಬಗ್ಗೆ ಹೇಳಬೇಕು. ಅದರಲ್ಲಿ ಅವರಿಗೆ ಇನ್ನೊಂದು ಹೊಲ ಇದೆ. ದಿನವಿಡೀ ನಿಜವಾದ ಹೊಲದಲ್ಲಿ ಬಗ್ಗಿ ಎದ್ದು, ಮನೆಗೆ ಬಂದು ಕೈಕಾಲು ಮುಖ ತೊಳೆದು, ಕುರ್ಚಿಯಲ್ಲಿ ಕೂತು, ಫೋನಿನೊಳಗಿನ ಹೊಲಕ್ಕೆ ಹೋಗುತ್ತಾರೆ. ಅಲ್ಲಿ ಕುಂಬಳಕಾಯಿ ಚಹಾ ಕುಡಿಯುವುದರೊಳಗೆ ಹಣ್ಣಾಗುತ್ತದೆ. ಹಂದಿ ಬೇಲಿಯೊಳಗೇ ಇರುತ್ತದೆ. ಗಿಡಕ್ಕೆ ಬಾಯಾರಿದರೆ ಅದರ ತಲೆಯ ಮೇಲೆ ನೀಲಿ ಹನಿಯೊಂದು ಕುಣಿಯುತ್ತದೆ, ನೀರು ಕೊಟ್ಟರೆ ಹನಿ ಮಾಯವಾಗುತ್ತದೆ. ಸಾಕಾಗಲಿಲ್ಲವೇ ದಿನವೆಲ್ಲ ಮಾಡಿದ್ದು ಎಂದು ನಾನು ಕೇಳಿದ್ದುಂಟು. “ಅಲ್ಲಿ ಮಾಡಿದ್ದು ಕಾಣಸ್ತೈತಿ,” ಎಂದರು. ಆಗ ಆ ಮಾತಿಗೆ ನಾನು ಮೂಗು ಮುರಿದಿದ್ದೆ.

ಅವತ್ತು ಮುಂಡಗೋಡದ ಸಂತೆ. ಇವರು ಪೈಪಿನ ಸಾಮಾನು ತರಲು ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೊರಟರು. ಹೊರಡುವಾಗ ನನ್ನ ಮುಖ ನೋಡಿಯೇ ಹೇಳಿದರು: “ಹತ್ತಕ್ಕ ಕರೆಂಟ್ ಬರ್ತೈತಿ. ನಾನ ಚಾಲೂ ಮಾಡ್ತೇನಿ, ತಾಸಿನ ಮ್ಯಾಲ ನಾನ ಬಂದ್ ಮಾಡ್ತೇನಿ. ನೀ ಕೈ ಹಾಕಬ್ಯಾಡ.”

ನಾನು ಕೈ ಹಾಕುತ್ತಿರಲಿಲ್ಲ. ಆದರೆ ಹಿಂದಿನ ಸಂಜೆ ಕಾಕಾನ ಕಣ ನೋಡಿಬಿಟ್ಟಿದ್ದೆ. ವರ್ಷದ ಗೋವಿನಜೋಳವನ್ನೆಲ್ಲ ಕಾಳು ಬಿಡಿಸಿ, ಒಣಗಲಿ ಎಂದು ಕಣದ ತುಂಬ ಹರಡಿದ್ದರು. ಬಂಗಾರದ ಬಣ್ಣ. ಕೈಯಾಡಿಸಿದರೆ ಬೆಚ್ಚಗೆ ಜುಳುಜುಳು ಎನ್ನುತ್ತಿತ್ತು. ನಮ್ಮ ಬದನೆಯ ಮಡಿಗಳು ತುಂಬಿದ ಮೇಲೂ ಮೋಟರು ಓಡುತ್ತಿದ್ದರೆ ನೀರು ಕಾಲುವೆ ಹಿಡಿದು ನೇರ ಆ ಕಣಕ್ಕೇ ಇಳಿಯುತ್ತದೆ. ಒಮ್ಮೆ ನೆಂದ ಜೋಳ ಬೂಸು ಹಿಡಿಯುತ್ತದೆ. ಆಮೇಲೆ ಅದನ್ನು ಕೊಳ್ಳುವವರು ಹೋಗಲಿ, ದನವೂ ಮೂಸಿ ಬಿಡುತ್ತದೆ. ಕಾಕಿ ಮಗಳ ಊರಿಗೆ ಹೋಗಿದ್ದಳು, ಕಾಕಾ ಸಂತೆ ತಪ್ಪಿಸುವವರಲ್ಲ. ಅಲ್ಲಿ ನೋಡುವವರು ಯಾರೂ ಇಲ್ಲ.

ಹನ್ನೊಂದು ದಾಟಿದಾಗ ಇವರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಕಾರಣ ನನಗೆ ಕೂಡಲೇ ಹೊಳೆಯಿತು: ಬಸ್ಸಿನಲ್ಲಿ ಕೂತು ಕುಂಬಳಕಾಯಿ ಕೊಯ್ದಿದ್ದಾರೆ, ಬ್ಯಾಟರಿ ಮುಗಿದಿದೆ. ಹಾಗಾದರೆ ಬಂದ್ ಮಾಡುವ ಮೊದಲು ಮುಗಿಯಿತೋ, ಮಾಡಿದ ಮೇಲೆ ಮುಗಿಯಿತೋ? ಕಾಕಾನಿಗೆ ಫೋನ್ ಮಾಡಿದೆ. ರಿಂಗ್ ಆಗಿ ಆಗಿ ನಿಂತಿತು.

ಡಬ್ಬಿಗೆ ಒಂದು ಮಿಸ್‌ಕಾಲ್ ಕೊಟ್ಟೆ. ಬಂದ್ ಆಯಿತು ಎಂದುಕೊಂಡೆ. ಆ ನೆಮ್ಮದಿ ಒಂದು ಆಧಾರ್ ಕಾರ್ಡಿನ ಎರಡೂ ಮಗ್ಗುಲು ಝೆರಾಕ್ಸ್ ಆಗುವವರೆಗೆ ಇತ್ತು. ಇವರು ಮೊದಲೇ ಬಂದ್ ಮಾಡಿದ್ದರೆ? ನಾನು ಈಗ ಚಾಲೂ ಮಾಡಿದ ಹಾಗಾಯಿತಲ್ಲ. ಇನ್ನೊಂದು ಮಿಸ್‌ಕಾಲ್ ಕೊಟ್ಟು ಅದನ್ನು ಸರಿಪಡಿಸಿದೆ. ಆದರೆ ಮೊದಲು ಬಂದ್ ಮಾಡಿರದಿದ್ದರೆ, ಸರಿಯಿದ್ದದ್ದನ್ನು ನಾನೀಗ ಕೆಡಿಸಿದ ಹಾಗಾಯಿತು. ನನ್ನ ಮಿಸ್‌ಕಾಲುಗಳ ಲೆಕ್ಕ ನನ್ನ ಫೋನಿನಲ್ಲಿತ್ತು. ಇವರದು ಹುಬ್ಬಳ್ಳಿಯಲ್ಲಿ ಸತ್ತುಬಿದ್ದಿತ್ತು. ಗಿರಾಕಿಯೊಬ್ಬರು “ಅಕ್ಕಾರ, ಎರಡ ಕಾಪಿ ಕೇಳಿದ್ದೆ, ಇಪ್ಪತ್ತ ಬಂದಾವ” ಎಂದಾಗ ಮಷಿನ್ನಿನ ಕಡೆ ನೋಡಿದೆ. ಇನ್ನೂ ಬರುತ್ತಿದ್ದವು.

ಆ ಹೊತ್ತಿಗೆ ಬಾಗಿಲಲ್ಲಿ ಸ್ವತಃ ಕಾಕಾ. ಕೈಯಲ್ಲಿ ಸುತಳಿಯ ಉಂಡೆ, ದಬ್ಬಣ. ಮರುದಿನ ಜೋಳ ಚೀಲಕ್ಕೆ ತುಂಬಿ ಹೊಲಿಯಲು ಸಂತೆಯಲ್ಲಿ ಕೊಂಡಿದ್ದರು.

“ಫೋನ್ ಮಾಡಿದ್ದೇನವಾ? ಸಂತ್ಯಾಗ ಕೇಳಸಲಿಲ್ಲ.”

“ಕಾಕಾ, ಮೋಟರ್ ಬಂದ್ ಐತೋ ಚಾಲೂ ಐತೋ ತಿಳೀವಲ್ದರಿ.”

“ಅದಕ್ಯಾಕ ಚಿಂತಿ,” ಎಂದರು ಕಾಕಾ ಕೂಡುತ್ತ. “ಇಂವ ಹುಬ್ಬಳ್ಳಿಗೆ ಹೋಗ್ಯಾನ, ಮರತಗಿರತಾನು ಅಂತ ನಾನೂ ಒಂದ್ ಮಿಸ್‌ಕಾಲ್ ಕೊಟ್ಟ ಬಂದೇನಿ.”

ಮೇಜಿನ ಮೇಲಿದ್ದ ನನ್ನ ಫೋನನ್ನು ಬೋರಲು ಹಾಕಿದೆ. ಕಾಕಾ ನನ್ನ ಮುಖ ನೋಡಿದರು.

“ನೀನೂ ಕೊಟ್ಟೀಯೇನು?”

“ಹೂಂನ್ರಿ.”

“ಎಷ್ಟ?”

“ಅದೆಲ್ಲ ಈಗ ಯಾಕ್ರಿ ಕಾಕಾ.”

ಕಾಕಾ ಸುತಳಿಯ ಉಂಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ನಗುವ ಮುಖ ಸಣ್ಣದಾಯಿತು. “ಹೋಗೂಣು ನಡಿ,” ಎಂದು ಎದ್ದರು. ಅಂಗಡಿಯ ಶಟರ್ ಎಳೆದು ಬೀಗ ಹಾಕಿದೆ. ಫೋಟೋ ತೆಗೆಯಲು ಮರೆತದ್ದು ಆ ವರ್ಷದಲ್ಲಿ ಅದೇ ಮೊದಲು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಸಂತೆಯ ಟಂಟಂ ರಿಕ್ಷಾ ಒಂದರಲ್ಲಿ ಈರುಳ್ಳಿ ಚೀಲಗಳ ನಡುವೆ ಜಾಗ ಸಿಕ್ಕಿತು. ಅರ್ಧ ದಾರಿಯಲ್ಲಿ ನನ್ನ ಫೋನು ರಿಂಗ್ ಆಯಿತು. ಇವರು.

“ಪೈಪಿನ ಅಂಗಡ್ಯಾಗ ಚಾರ್ಜಿಗೆ ಹಾಕಿದ್ದೆ,” ಎಂದರು ಆರಾಮಾಗಿ. “ಸಾಮಾನ ಸಿಕ್ಕಾವ. ಮೋಟರ್ ಬಂದ್ ಮಾಡೇನಿ. ಆತಿಲ್ಲೋ?”

“ಯಾವಾಗ ಬಂದ್ ಮಾಡಿದ್ರಿ?”

“ಈಗ. ಫೋನ್ ಚಾಲೂ ಆದ ಕೂಡ್ಲೆ ಮಿಸ್‌ಕಾಲ್ ಕೊಟ್ಟೆ.”

ನಾನು ನಡೆದದ್ದನ್ನೆಲ್ಲ ಹೇಳಿದೆ.

“ಹಂಗಾರ ನಾ ಚಾಲೂ ಮಾಡಿದ್ನೇನು?”

“ನಂಗೇನ್ ಗೊತ್ರಿ.”

“ಇನ್ನೊಂದ್ ಕೊಡ್ಲೇನು?”

“ಕೊಡಬ್ಯಾಡಂತ ಹೇಳವಾ ಅವಂಗ,” ಎಂದು ಕಾಕಾ ಈರುಳ್ಳಿಯ ಆಚೆಯಿಂದ ಕೂಗಿದರು. “ಫೋನ್ ಕಿಸೆದಾಗಿಟ್ಟು, ಕೈ ಹೊರಗಿಟಗೊಂಡು ಬಾ ಅನ್ನು.”

ಉಳಿದ ದಾರಿಯಲ್ಲಿ ನನಗೆ ಕಣ್ಣ ಮುಂದೆ ಕಣ ಕಾಣುತ್ತಿತ್ತು, ಜೋಳ ನೀರಲ್ಲಿ ತೇಲುತ್ತಿತ್ತು, ಕಾಕಾ ಅದನ್ನು ಬೊಗಸೆಯಲ್ಲಿ ಎತ್ತಿ, ಪರವಾಗಿಲ್ಲ ಬಿಡವಾ ಎನ್ನುತ್ತಿದ್ದರು. ಬೈದರೆ ತಡೆದುಕೊಳ್ಳಬಹುದು. ಕಾಕಾ ಬೈಯುವವರಲ್ಲ.

ಓಡುವ ನಡಿಗೆಯಲ್ಲಿ ಹೊಲ ಮುಟ್ಟಿದೆವು. ಕಾಲುವೆ ಒಣಗಿತ್ತು. ಬದನೆಯ ಮಡಿಗಳೂ ಒಣಗಿದ್ದವು. ಕಣದಲ್ಲಿ ಜೋಳ ಬಿಸಿಲು ಕಾಯಿಸುತ್ತ ಹರಡಿಕೊಂಡಿತ್ತು, ಅದರ ಮೇಲೆ ಗೊರವಂಕಗಳು ತಮ್ಮದೇ ಕಣ ಎಂಬ ಹಾಗೆ ಓಡಾಡುತ್ತಿದ್ದವು. ಸುತ್ತಲಿನ ಯಾರ ಹೊಲದಲ್ಲೂ ಮೋಟರು ಓಡುತ್ತಿರಲಿಲ್ಲ. ಬೆಳಗಿನಿಂದ ತ್ರೀ ಫೇಸೇ ಬಂದಿರಲಿಲ್ಲ. ನಾವು ಮೂವರೂ ಕೂಡಿ, ಹುಬ್ಬಳ್ಳಿಯಿಂದ ಮುಂಡಗೋಡದವರೆಗೆ, ಕರೆಂಟೇ ಇಲ್ಲದ ಮೋಟರನ್ನು ಚಾಲೂ ಬಂದ್ ಮಾಡುತ್ತಿದ್ದೆವು.

ಕಾಕಾ ಬದುವಿನ ಮೇಲೆ ಕೂತು ಟೊಪ್ಪಿಗೆ ತೆಗೆದು ಬಹಳ ಹೊತ್ತು ನಕ್ಕರು. ನಾನೂ ನಕ್ಕೆ. ಆದರೆ ನಗುವಾಗಲೇ ನನಗೆ ಡಬ್ಬಿ ಕೂಡಿಸಿದವನ ಮಾತು ನೆನಪಾಯಿತು: ಕಡೆಗೆ ಏನು ಹೇಳಿದ್ದೀರೋ ಅದನ್ನು ನೆನಪಿಟ್ಟುಕೊಳ್ಳುತ್ತದೆ. ನಾವು ಕಡೆಗೆ ಏನು ಹೇಳಿದ್ದೆವು?

ಖೋಲಿಯ ಬಾಗಿಲ ಸಂದಿಗೆ ಕಣ್ಣಿಟ್ಟೆ. ಕತ್ತಲು. ಡಬ್ಬಿ ಮುಚ್ಚಳ ಹಾಕಿಕೊಂಡು ಕೂತಿತ್ತು. ಅದಕ್ಕೆ ಎಲ್ಲ ಗೊತ್ತು, ಹೇಳುವುದಿಲ್ಲ. ಬೀಗದ ಕೈ ಹುಬ್ಬಳ್ಳಿಯಲ್ಲಿ.

“ನೀ ಹೋಗವಾ, ಅಂಗಡಿ ತೆಗಿ,” ಎಂದರು ಕಾಕಾ. “ನಾ ಇಲ್ಲೇ ಕುಂದರ್ತೇನಿ. ನೀರ ಬಂತಂದ್ರ ಒಂದ್ ಮಿಸ್‌ಕಾಲ್ ಕೊಟ್ಟ ಬಂದ್ ಮಾಡ್ತೇನಿ.”

ಬುದ್ಧಿವಂತರ ಮಾತು. ಯಾರೇ ಆದರೂ ಒಪ್ಪಬೇಕಾದದ್ದು. ನಾನು ಕೇಳಿದೆ: “ಅದ ಗಳಿಗ್ಗೆ ಇವರೂ ಬಸ್ಸಿನಾಗ ಕುಂತು ಒಂದ್ ಕೊಟ್ರ?”

ಕಾಕಾ ಯೋಚಿಸಿದರು.

“ಕರೆಂಟ್ ಕತ್ತಲಾದ ಮ್ಯಾಲ ಬಂದ್ರ? ಆನಿ ಅಡ್ಡಾಡೋ ಹೊತ್ತಿನ್ಯಾಗ ನೀವಿಲ್ಲಿ ಕುಂದರಾವ್ರೇನು?”

ಕಾಕಾ ಇನ್ನೂ ಸ್ವಲ್ಪ ಯೋಚಿಸಿದರು. ಕಾಲುವೆಯ ನೀರನ್ನು ಬೇರೆ ಕಡೆ ತಿರುಗಿಸುವ ಹಾಗೂ ಇರಲಿಲ್ಲ. ಆ ಕಡೆ ಅವರದೇ ಕಡಲೆ ಮೊಳಕೆಯೊಡೆದಿತ್ತು. ಎದ್ದು ಹೋಗಿ ಜೋಳದ ಒಂದು ಕಾಳು ಬಾಯಿಗೆ ಹಾಕಿ ಕಟ್ ಎಂದು ಕಡಿದರು. “ಇನ್ನೊಂದ್ ಬಿಸಲ ಕಂಡಿದ್ರ ಚಲೋ ಇತ್ತು. ಇರ್ಲಿ, ನಡೀತೈತಿ,” ಎಂದು ಮನೆಯಿಂದ ಖಾಲಿ ಚೀಲಗಳನ್ನು ತಂದರು.

ಅವತ್ತು ಮಧ್ಯಾಹ್ನ ನಾನು ಬುಟ್ಟಿಯಲ್ಲಿ ತುಂಬಿ ಸುರಿದೆ, ಕಾಕಾ ಚೀಲ ಕುಕ್ಕಿ ಕುಕ್ಕಿ ಕೂಡಿಸಿ ಹೊಸ ಸುತಳಿಯಿಂದ ಬಾಯಿ ಹೊಲಿದರು. ಹೊಲಿದದ್ದನ್ನು ಇಬ್ಬರೂ ಹಿಡಿದು ಅವರ ಮನೆಯ ಕಟ್ಟೆಗೆ ಸಾಗಿಸಿದೆವು. ಅಂಗಡಿಯ ಸೀರೆ ಧೂಳಾಯಿತು. ಬೆನ್ನು ಹಿಡಿಯಿತು. ಆದರೆ ಬಹಳ ದಿನಗಳ ಮೇಲೆ ತಲೆಯಲ್ಲಿ ಹುಳ ಸುಮ್ಮನಿತ್ತು. ಚೀಲದ ಬಾಯಿ ಹೊಲಿದ ಮೇಲೆ, ಹೊಲಿದೆನೋ ಇಲ್ಲವೋ ಎಂಬ ಪ್ರಶ್ನೆ ಏಳುವುದಿಲ್ಲ. ಕಣ್ಣೆದುರಿಗೆ ಹೊಲಿಗೆ ಕಾಣುತ್ತದೆ. ಮೇಲೆ ಅತ್ತಿವೇರಿಯ ಕೆರೆಯ ಕಡೆಗೆ ಬಿಳಿ ಹಕ್ಕಿಗಳು ಸಾಲಾಗಿ ಹೋದವು. ಕಾಕಾ ಬೆಲ್ಲದ ಚಹಾ ಮಾಡಿ ತಂದರು. ಕಾಕಿಯ ಚಹಾಕ್ಕಿಂತ ಚೆನ್ನಾಗಿತ್ತು, ಹಾಗೆಂದು ಕಾಕಿಗೆ ಹೇಳಬೇಡ ಎಂದು ಅವರೇ ಹೇಳಿದರು.

ಬಿಸಿಲು ಇಳಿಯುವ ಹೊತ್ತಿಗೆ ಇವರು ಬಂದರು. ಒಂದು ಕೈಯಲ್ಲಿ ಪೈಪಿನ ಸಾಮಾನು, ಇನ್ನೊಂದರಲ್ಲಿ ಎಣ್ಣೆ ಹತ್ತಿದ ಕಾಗದದ ಪೊಟ್ಟಣ. ಮಿರ್ಚಿ ಭಜಿ. ತಪ್ಪು ಮಾಡಿದಾಗ ಇವರು ಕ್ಷಮೆ ಕೇಳುವುದಿಲ್ಲ, ಮಿರ್ಚಿ ತರುತ್ತಾರೆ. ಖಾಲಿ ಕಣ ನೋಡಿದರು, ಕಟ್ಟೆಯ ಮೇಲಿನ ಚೀಲಗಳನ್ನು ನೋಡಿದರು, ಕೊನೆಗೆ ನನ್ನ ಸೀರೆ ನೋಡಿದರು.

“ಇಷ್ಟ ಎಲ್ಲಾ ಯಾಕ? ಕರೆಂಟ ಇಲ್ಲಲ್ಲ,” ಎನ್ನಹತ್ತಿದರು.

ಕಿಸೆಯಿಂದ ಬೀಗದ ಕೈ ತೆಗೆದು ಖೋಲಿಯ ಕಡೆ ಇನ್ನೂ ಎರಡು ಹೆಜ್ಜೆ ಇಟ್ಟಿರಲಿಲ್ಲ. ಪೈಪು ಕೆಮ್ಮಿತು. ಒಮ್ಮೆ ಗಾಳಿ ಉಗುಳಿತು, ಇನ್ನೊಮ್ಮೆ ಉಗುಳಿತು, ಆಮೇಲೆ ತೋಳು ದಪ್ಪದ ನೀರು ಧೋ ಎಂದು ಬಂತು.

ಮೂವರೂ ನಿಂತು ನೋಡಿದೆವು. ನಮ್ಮೆಲ್ಲರ ಜಾಗ್ರತೆಯನ್ನೂ ಕೂಡಿ ಕಳೆದು ಡಬ್ಬಿ ತೆಗೆದ ಉತ್ತರ: ಚಾಲೂ.

“ನೋಡ್ಪಾ,” ಎಂದರು ಕಾಕಾ ಇವರಿಗೆ. “ನಿನ್ನ ಹೇಣ್ತಿ ಚಿಂತಿ ಮಾಡಿದ್ದಕ್ಕ ನನ್ನ ಜ್ವಾಳ ಉಳೀತು.”

“ಆಕಿ ಚಿಂತಿ ಮಾಡಿದ್ದಕ್ಕ ಮೋಟರ್ ಚಾಲೂ ಉಳೀತು,” ಎಂದರು ಇವರು.

ಎರಡೂ ಖರೆ. ಎರಡರಲ್ಲಿ ನಾನು ಮೊದಲನೆಯದನ್ನು ಇಟ್ಟುಕೊಂಡಿದ್ದೇನೆ.

ಯಾರೂ ಬಂದ್ ಮಾಡಲಿಲ್ಲ. ಬದನೆಗೂ ನೀರು ಬೇಕಿತ್ತು. ನೀರು ಮಡಿಯಿಂದ ಮಡಿಗೆ ಹೋಗುವುದನ್ನು ನೋಡುತ್ತ ಬದುವಿನ ಮೇಲೆ ಕೂತು ಮಿರ್ಚಿ ತಿಂದೆವು. ಇವರು ಅಭ್ಯಾಸಬಲದಿಂದ ಫೋನು ತೆಗೆದು ಇನ್ನೊಂದು ಹೊಲಕ್ಕೂ ಹೋಗಿಬಂದರು. ಕಾಕಾ ಪಕ್ಕದಿಂದ ಇಣುಕಿ ನೋಡಿದರು.

“ಅದೇನದು, ಗಿಡದ ಮ್ಯಾಲ ನೀಲಿ?”

“ನೀರ ಬೇಕಂತ ಕಾಕಾ. ಈಗ ನೋಡ್ರಿ, ಕೊಟ್ಟೆ. ಹೋತು.”

“ಅಲ್ಲೋ,” ಎಂದರು ಕಾಕಾ, “ಆಟದ ಹೊಲಕ್ಕ ನೀರಿಂದು ಗುರ್ತ ಐತಿ, ಖರೇ ಹೊಲಕ್ಕ ಇಲ್ಲ. ಯಾರ ಮಾಡ್ಯಾರ ಇದನ್ನ? ಅವರ ಕಡಿಂದ ಡಬ್ಬಿ ಮಾಡಿಸಬೇಕಿತ್ತು.”

ನಾನು ಮೂಗು ಮುರಿದಿದ್ದ ಮಾತು ನೆನಪಾಯಿತು. ಅಲ್ಲಿ ಮಾಡಿದ್ದು ಕಾಣಿಸುತ್ತದೆ ಎಂದಿದ್ದರು. ಝೆರಾಕ್ಸ್ ಅಂಗಡಿಯಲ್ಲಿ ಕೂತು ನಾನು ವರ್ಷಗಟ್ಟಲೆ ಮಾಡಿದ ಭಾಷಣವೂ ಅದೇ ಆಗಿತ್ತು. ಇವರು ಕುಂಬಳಕಾಯಿಯಿಂದ ಕಲಿತಿದ್ದರು. ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. ಮಿರ್ಚಿಯ ಕೊನೆಯ ತುಂಡು ಅವರ ಕಡೆ ಸರಿಸಿದೆ. ನಮ್ಮ ಮನೆಯಲ್ಲಿ ಅದು ಸಾಕು.

ಮರುವಾರ ಖೋಲಿಯ ಮೇಲೆ ಎತ್ತರದ ಬಿದಿರಿನ ಗಳ ನಿಂತಿತು, ಅದರ ತುದಿಗೆ ಒಂದು ಕೆಂಪು ಬಲ್ಬು. ಮೋಟರು ಓಡಿದರೆ ಬಲ್ಬು ಹತ್ತುತ್ತದೆ, ನಿಂತರೆ ಆರುತ್ತದೆ. ವಾಯರು ಎಳೆದದ್ದು ಇವರೇ. ನಮ್ಮ ಅಡಿಗೆಮನೆಯ ಕಿಟಕಿಯಿಂದಲೂ ಕಾಣುತ್ತದೆ, ಕಾಕಾನ ಕಟ್ಟೆಯಿಂದಲೂ ಕಾಣುತ್ತದೆ. ಡಬ್ಬಿಗೆ ಮಿಸ್‌ಕಾಲ್ ಕೊಡುವ ಮೊದಲು ಕಿಟಕಿಗೆ ಬರುವುದು ಈಗ ನಮ್ಮೆಲ್ಲರ ರೂಢಿ. ನಾನು ಅಂಗಡಿಯಲ್ಲಿದ್ದಾಗ ಕಾಕಾ ನನಗೇ ಒಂದು ಮಿಸ್‌ಕಾಲ್ ಕೊಡುತ್ತಾರೆ: ದೀಪ ಆರಿದೆ ಎಂದು ಅರ್ಥ. ಮನುಷ್ಯರಿಗೆ ಕೊಟ್ಟ ಮಿಸ್‌ಕಾಲಿನಿಂದ ಏನೂ ಕೆಡುವುದಿಲ್ಲವಲ್ಲ. ಝೆರಾಕ್ಸ್ ಈಗ ಎರಡು ಕೇಳಿದರೆ ಎರಡೇ ಬರುತ್ತಿವೆ.

ಹೀಗೆ ಸುಖವಾಗಿದ್ದೆ. ನಿನ್ನೆ ಸಂಜೆ ರೊಟ್ಟಿ ಬಡಿಯುತ್ತ ಕಿಟಕಿಯಿಂದ ನೋಡಿದೆ. ಬಲ್ಬು ಆರಿತ್ತು. ಬಂದ್ ಇದೆ, ಚೆನ್ನಾಗಿದೆ ಎಂದುಕೊಂಡೆ. ರೊಟ್ಟಿ ತಿರುವಿ ಹಾಕಿದೆ.

“ರೀ,” ಎಂದೆ. “ಬಲ್ಬ ಸುಟ್ಟಿದ್ರ?”

ಇವರು ಫೋನಿನೊಳಗೆ ಕೋಳಿಗೆ ಕಾಳು ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

“ನಾಳೆ ಇನ್ನೊಂದ್ ಹಸರ ಬಲ್ಬ್ ಹಾಕ್ತೇನಿ,” ಎಂದರು. “ಬಂದ್ ಇದ್ದಾಗ ಹತ್ತೂದು.”

ಅದೂ ಸುಟ್ಟರೆ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ನನ್ನ ಫೋನು ಒಂದೇ ಒಂದು ಸಲ ರಿಂಗ್ ಆಗಿ ಸುಮ್ಮನಾಯಿತು. ಕಾಕಾ. ಕೆಳಗಿನ ಕಟ್ಟೆಯ ಮೇಲೆ ಕೂತು ಅವರೂ ಅದೇ ಕತ್ತಲಿನ ಗಳವನ್ನು ನೋಡಿ, ದೀಪ ಆರಿದೆ ಎನ್ನುತ್ತಿದ್ದರು. ರೊಟ್ಟಿ ಉಬ್ಬಿತು, ತೆಗೆದೆ.